ಏಣಿ ಗುರುತಿನ ಅಭ್ಯರ್ಥಿಗೆ, ಇಲ್ಲದ ವಾಕ್ಯದ ವಿಚಾರವಾಗಿ

ಸನ್ಮಾನ್ಯ ಅಭ್ಯರ್ಥಿಗಳೇ, ಭಾವೀ ಸಚಿವರೇ, ನಮ್ಮ ಬೀದಿಯ ಪ್ರತಿ ಕಂಬದ ಮೇಲಿನಿಂದಲೂ ಕೈ ಬೀಸಿ ನಗುತ್ತಿರುವ ಮಾನ್ಯರೇ,

ತಾವೂ, ತಮ್ಮ ಗಂಟಲೂ, ತಮ್ಮ ಧ್ವನಿವರ್ಧಕವೂ ಕ್ಷೇಮವೆಂದು ನಂಬಿ ಈ ಪತ್ರವನ್ನು ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ನಾನು ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ತಿಂಗಳ ಹಿಂದೆ ಒಂದು ಭಾನುವಾರ ತಾವು ದಯಮಾಡಿಸಿದ ಕ್ರೈಸ್ತ ಸಭೆಯ ಸದಸ್ಯ ಹಾಗೂ ಅದರ ಪುಸ್ತಕ ಪರಿಶೀಲನಾ ಸಮಿತಿಯ ಕಾರ್ಯದರ್ಶಿ. ಸಭೆಯ ವಾಚನಾಲಯಕ್ಕೆ ಬರುವ ಪುಸ್ತಕಗಳನ್ನೆಲ್ಲ ಮೊದಲು ನಾವು ಓದಿ, ಮನೆಮಂದಿ ಕೂತು ಓದಬಹುದಾದದ್ದನ್ನು ಕಪಾಟಿಗೂ ಓದಬಾರದ್ದನ್ನು ಬೀಗವಿರುವ ಬೀರುವಿಗೂ ಸೇರಿಸುತ್ತೇವೆ. ಬೀರುವಿಗೆ ಹೋಗುವ ಪುಸ್ತಕಗಳನ್ನು ಸಮಿತಿಯವರೆಲ್ಲ ಎರಡೆರಡು ಸಲ ಓದುತ್ತೇವೆ, ಯಾಕೆಂದರೆ ಲೇಖಕರಿಗೆ ಅನ್ಯಾಯವಾಗಬಾರದು. ನಮ್ಮನ್ನು ಹಳೇ ಕಾಲದವರೆಂದು ಆಡಿಕೊಳ್ಳುವವರಿದ್ದಾರೆ. ನಾವದನ್ನು ಹೊಗಳಿಕೆಯೆಂದೇ ಜಮಾ ಮಾಡಿಕೊಂಡಿದ್ದೇವೆ.

ಅಂದು ತಾವು ಆಡಿದ್ದೆಲ್ಲ ನನ್ನ ಮನಸ್ಸಿನ ಮಾತೇ. ಸಂಸಾರ ಗಟ್ಟಿಯಾಗಿದ್ದರೆ ದೇಶ ಗಟ್ಟಿ ಎಂದಿರಿ, ತಲೆದೂಗಿದೆ. ಮಕ್ಕಳ ಪುಸ್ತಕದಲ್ಲಿ ಏನಿದೆಯೆಂದು ಹೆತ್ತವರು ತೆರೆದು ನೋಡಬೇಕೆಂದಿರಿ, ಇನ್ನೂ ಜೋರಾಗಿ ದೂಗಿದೆ, ಎಷ್ಟೆಂದರೆ ಕನ್ನಡಕ ಮೂಗಿನಿಂದ ಜಾರಿ ಬೆಂಚಿನಡಿ ಹೋಯಿತು. ನಾನದನ್ನು ತಡಕಾಡುತ್ತಿದ್ದಾಗಲೇ ತಾವು ಪವಿತ್ರ ಗ್ರಂಥವನ್ನು ಮುಚ್ಚಿದ್ದಂತೆಯೇ ಎತ್ತಿ ಹಿಡಿದು, "ಏಣಿಯನ್ನು ಹಿಡಿದವನು ಏರಿದವನಿಗಿಂತ ಧನ್ಯನು ಅಂತ ಜ್ಞಾನಿಯಾದ ಅರಸನೇ ನಲವತ್ತೆರಡನೇ ಅಧ್ಯಾಯದಲ್ಲಿ ಹೇಳಿದಾನೆ" ಎಂದು ಘೋಷಿಸಿದಿರಿ. ತಮ್ಮ ಚುನಾವಣಾ ಗುರುತು ಏಣಿಯಾಗಿರುವುದು ಬರೀ ಕಾಕತಾಳೀಯವೆಂದು ನಂಬಲು ನಾನು ಪ್ರಾಮಾಣಿಕವಾಗಿ ಹೆಣಗಾಡಿದೆ.

ಮಾನ್ಯರೇ, ಅರಸನ ಹಿತನುಡಿಗಳ ಆ ಭಾಗ ಮೂವತ್ತೊಂದನೆಯ ಅಧ್ಯಾಯಕ್ಕೇ ಮುಗಿದುಹೋಗುತ್ತದೆ. ಉಳಿದ ಹನ್ನೊಂದು ತಮಗೆಲ್ಲಿ ದೊರೆತವೆಂದು ತಿಳಿಸಿದರೆ ಲೋಕದ ಪಂಡಿತರೆಲ್ಲ ತಮಗೆ ಋಣಿಗಳಾಗಿರುತ್ತಾರೆ. ತಮಗೆ ಏಣಿಯೇ ಬೇಕಿದ್ದರೆ ಗ್ರಂಥದಲ್ಲಿ ಅಸಲಿಯೊಂದಿತ್ತು: ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದವನ ಕನಸಿನದು, ದೇವದೂತರು ಹತ್ತುತ್ತ ಇಳಿಯುತ್ತ ಇದ್ದದ್ದು. ಇಳಿಯುವ ಭಾಗ ತಮಗೆ ರುಚಿಸಲಿಲ್ಲವೆಂದು ಊಹಿಸುತ್ತೇನೆ.

ತಾವು ಕಾರು ಹತ್ತಿ ಹೊರಟುಹೋದಿರಿ. ವಾಕ್ಯ ನಮ್ಮಲ್ಲೇ ಉಳಿಯಿತು. ಎಲ್ಲರೆದುರು ಗಟ್ಟಿಯಾಗಿ ಆಮೆನ್ ಅಂದುಬಿಟ್ಟಿದ್ದ ಪಾಸ್ಟರು ಅದನ್ನು ನುಂಗಲಾರದೆ ಉಗುಳಲಾರದೆ ಮರುವಾರ ಅದರ ಮೇಲೆಯೇ ಪ್ರಸಂಗ ಮಾಡಿದರು. ಗಾಯನ ಕಲಿಸುವ ಟೀಚರಮ್ಮ ಅದಕ್ಕೊಂದು ರಾಗ ಕೂಡಿಸಿದರು. ಅಂಥ ವಾಕ್ಯವೇ ಇಲ್ಲವಲ್ಲ ಎಂದು ನಾನು ಬಾಯಿ ತೆರೆದರೆ, "ಬೇರೆ ತರ್ಜುಮೇಲಿ ಇರ್ಬಹುದಪ್ಪ, ನೀವ್ಯಾಕೆ ಎಲ್ಲದ್ರಲ್ಲೂ ಹುಳುಕು ಹುಡುಕ್ತೀರಾ?" ಎಂದು ಟೀಚರಮ್ಮನೇ ನನ್ನ ಬಾಯಿ ಮುಚ್ಚಿಸಿದರು. ಎಷ್ಟು ಪುಟ ಮಗುಚಿದರೂ ವಾಕ್ಯ ಸಿಗದವರೆಲ್ಲ ತಪ್ಪು ತಮ್ಮ ಕಣ್ಣಿನದೇ ಎಂದು ತೀರ್ಮಾನಿಸಿ ನನ್ನ ಅಂಗಡಿಗೆ ಬಂದು ಕನ್ನಡಕ ಬದಲಾಯಿಸಿಕೊಂಡರು. ಹೀಗೆ ನನ್ನ ವ್ಯಾಪಾರವನ್ನೂ ಉದ್ಧರಿಸಿದ್ದಕ್ಕಾಗಿ ಪ್ರತ್ಯೇಕ ಕೃತಜ್ಞತೆಗಳು.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಊರ ಮಕ್ಕಳ ಸಮವಸ್ತ್ರ ಹೊಲಿದು ನನ್ನನ್ನು ಓದಿಸಿ ಅಂಗಡಿ ಹಾಕಿಸಿಕೊಟ್ಟವಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಹೊಲಿಗೆ ಯಂತ್ರದ ಸದ್ದು ಜೋರು ಮಾಡಿದವಳು. ಸೊಂಟದ ಮೂಳೆ ಮುರಿದುಕೊಂಡು ನಮ್ಮ ಮನೆಯ ಮುಂಗೋಣೆಯಲ್ಲಿ ಮಲಗಿದ್ದ ಅವಳು, ನನ್ನ ಹೆಂಡತಿ ಊಟ ತಂದರೆ ಗೋಡೆಯ ಕಡೆ ಹೊರಳಿ, "ನಾನು ಬದುಕಿ ಏನ್ ಕಡಿದು ಕಟ್ಟೆ ಹಾಕಿದೀನಿ ಅಂತ ಇದೆಲ್ಲ?" ಎನ್ನುತ್ತಿದ್ದಳು. ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಕಾಲು ಅಲ್ಲಾಡಿಸಿದವಳಲ್ಲ. ಹೆಂಡತಿಯ ಬಾಯಿಂದ ತಮ್ಮ ವಾಕ್ಯವನ್ನು ಕೇಳಿದ ಮರುದಿನ ಎದ್ದು ಕೂತು ಸೂಜಿ, ಕೆಂಪು ದಾರ ಕೇಳಿದಳು. ಬಿಳಿ ಬಟ್ಟೆಯ ಮೇಲೆ ವಾಕ್ಯವನ್ನು ಅಧ್ಯಾಯದ ಸಂಖ್ಯೆಯ ಸಮೇತ ಕಸೂತಿ ಹಾಕಿದಳು. ಗೋಡೆ ಹಿಡಿದು ನಡೆದುಹೋಗಿ, ನಾನು ಊಟಕ್ಕೆ ಕೂರುವ ಜಾಗದ ಎದುರಿಗೇ ಅದನ್ನು ತೂಗುಹಾಕಿಸಿದಳು.

ತಮ್ಮ ಸುಳ್ಳಿಗೆ ಎದುರಾಗಿ ಕೂತು ಉಣ್ಣುವುದು ನನ್ನಂಥವನಿಗೆ ಎಷ್ಟು ಕಷ್ಟವೆಂದು ತಾವು ಬಲ್ಲಿರೋ ಇಲ್ಲವೋ. ನಿಜ ಹೇಳಿಯೇ ಬಿಡುವುದೆಂದು ಅಂಗಡಿಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಒಂದು ಮಧ್ಯಾಹ್ನ ಅವಳ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಗ್ರಂಥ ತಗೊಂಡ್ ಬಾರೋ. ಆ ವಾಕ್ಯ ನೀನೇ ಓದು, ನಂಗೆ ಸಣ್ಣಕ್ಷರ ಕಾಣಲ್ಲ" ಎಂದಳು. ತಂದು ತೆರೆದೆ. ಅವಳ ಮುಖ ನೋಡಿದೆ. ನೋಡಿದ್ದೇ ತಪ್ಪಾಯಿತು. ಕಾದಂಬರಿಗಳ ಪುಟ್ಟ ಪುಟ್ಟ ಸುಳ್ಳುಗಳನ್ನೂ ಕ್ಷಮಿಸದ ಸಮಿತಿಯ ಕಾರ್ಯದರ್ಶಿಯು, ಯಾರು ಯಾರ ಮಗನೆಂಬ ಉದ್ದನೆಯ ವಂಶಾವಳಿಯ ಮೇಲೆ ಬೆರಳಿಟ್ಟು, ತಮ್ಮ ನಲವತ್ತೆರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದನು. "ಇನ್ನೊಂದ್ಸಲ ಓದು" ಎಂದಳು. ಓದತೊಡಗಿದೆ.

"ಸಾಕು ಬಿಡು," ಎಂದಳು ಅಕ್ಕ, "ಅಲ್ಲಿ ಅದಿಲ್ಲ ಅಂತ ನಂಗೂ ಗೊತ್ತು. ಚಿಕ್ಕವನಿದ್ದಾಗ ನಿಂಗೆ ಅದನ್ನೆಲ್ಲ ಬಾಯಿಪಾಠ ಮಾಡ್ಸಿದ್ದು ಯಾರು?" ಮತ್ತ್ಯಾಕೆ ಓದಿಸಿದೆ ಎಂದು ಕೇಳಿದ್ದಕ್ಕೆ, "ಊರವ್ರ ಪುಸ್ತಕದ ತಪ್ಪೆಲ್ಲ ಓದಿ ಹೇಳ್ತೀಯ. ನನ್ನ ಬಗ್ಗೆ ಒಂದು ಒಳ್ಳೇ ಮಾತು ನಿನ್ ಬಾಯಿಂದ ಬರೋಕೆ ಆ ಪುಣ್ಯಾತ್ಮ ಬಂದು ಸುಳ್ಳು ಹೇಳ್ಬೇಕಾಯ್ತು ನೋಡು" ಎಂದು ಸೊಂಟ ಹಿಡಿದುಕೊಂಡು ನಕ್ಕಳು. ನಾನು ಅವಳ ಮಂಚದ ಅಂಚಿನಲ್ಲಿ ಕೂತು, ಇಷ್ಟು ವರ್ಷ ಆಡಬೇಕಿದ್ದ ಮಾತನ್ನು ಗ್ರಂಥ ಮುಚ್ಚಿಟ್ಟು ಆಡಿದೆ. ಅದು ತಮಗೆ ಸಂಬಂಧಪಟ್ಟದ್ದಲ್ಲ. ಆಮೇಲೆ ಅವಳು ಚಿಕ್ಕ ಕತ್ತರಿ ತರಿಸಿ, ಕಸೂತಿಯಿಂದ ಅಧ್ಯಾಯದ ಸಂಖ್ಯೆಯನ್ನಷ್ಟೇ ಬಿಚ್ಚಿ ತೆಗೆದಳು. "ಈಗ ಸರಿ. ಯಾರ್ ಬೇಕಾದ್ರೂ ಹೇಳ್ಬಹುದಾದ ಮಾತು" ಎಂದಳು.

ಹೀಗಾಗಿ, ಮಾನ್ಯರೇ, ತಮ್ಮ ಮೇಲೆ ಮನಸಾರೆ ಸಿಟ್ಟಾಗುವ ನನ್ನ ಹಕ್ಕನ್ನೂ ತಾವು ಕಸಿದುಕೊಂಡಿದ್ದೀರಿ, ಇದೇ ನನ್ನ ಮುಖ್ಯ ದೂರು. ಪರಿಹಾರವಾಗಿ, ಮೂವತ್ತೆರಡರಿಂದ ನಲವತ್ತೆರಡರವರೆಗಿನ ಅಧ್ಯಾಯಗಳನ್ನು ತಾವು ಕೂಡಲೇ ಅಚ್ಚು ಹಾಕಿಸಿ ನಮ್ಮ ಸಮಿತಿಗೆ ಒಪ್ಪಿಸಬೇಕಾಗಿ ವಿನಂತಿ. ಎರಡು ಸಲ ಓದಿ ಬೀರುವಿಗೆ ಸೇರಿಸುತ್ತೇವೆ. ಅದಾಗದಿದ್ದರೆ ಅದೇ ವೇದಿಕೆಗೆ ಮರಳಿ ಬಂದು, ಮಾತು ಅರಸನದಲ್ಲ, ನನ್ನದು ಎಂದು ಒಪ್ಪಿಕೊಳ್ಳಿ. ಒಳ್ಳೆಯ ಮಾತು, ಅದರ ಕೆಳಗೆ ತಮ್ಮ ಹೆಸರನ್ನೇ ಹಾಕಿಕೊಳ್ಳಲು ಯಾಕೆ ಹೆದರಿದಿರಿ? ಹಾಕಿಕೊಂಡರೆ ಏಣಿಯನ್ನೂ ತಾವೇ ಹಿಡಿಯಬೇಕಾದೀತು ಎಂದೇ? ನಮ್ಮ ಗ್ರಂಥವನ್ನು ಕಾಪಾಡಲು ನಮ್ಮ ಮತ ಕೇಳಿದ ತಾವು ಅದನ್ನು ಒಮ್ಮೆ ತೆರೆದಿದ್ದರೆ, ಮತ ಕೇಳದೆಯೇ ಸಿಗುತ್ತಿತ್ತು.

ತಮ್ಮ ಎಲ್ಲ ತತ್ವಗಳನ್ನೂ ಒಪ್ಪುವ, ತಮ್ಮೊಬ್ಬರನ್ನು ಮಾತ್ರ ಇನ್ನೂ ಒಪ್ಪದ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ತಮ್ಮ ಎದುರಾಳಿಗಳು ಬರುವ ಭಾನುವಾರ ನಮ್ಮ ಸಭೆಗೆ ಬರುತ್ತಾರಂತೆ, ಅವರ ಗುರುತು ಬಕೆಟ್ಟು. ಗ್ರಂಥದಲ್ಲಿ ಬಾವಿಗಳು ಹೇರಳವಾಗಿರುವುದರಿಂದ ಅವರು ತಮ್ಮಷ್ಟು ಕಷ್ಟಪಡಬೇಕಾಗಿಲ್ಲ. ಬಕೆಟ್ಟು ಹಿಡಿಯುವವರಂತೂ ನಮ್ಮ ಮೊದಲ ಸಾಲಿನಲ್ಲೇ ಸಾಕಷ್ಟು ಜನ ಕೂತಿರುತ್ತಾರೆ. ತಾವು ಬಂದಾಗ ಅವರನ್ನು ಕಂಡಿದ್ದೀರಿ.