ನಾಲ್ಕು ನಿಮಿಷದ ಜನನ ಪತ್ರ

ಜನನ ಪತ್ರದ ಪುಟ ಬ್ರೌಸರಿನಲ್ಲಿ ತೆರೆದುಕೊಳ್ಳಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮಧ್ಯಾಹ್ನದೊಳಗೆ ಅದು ಹತ್ತು ಸೆಕೆಂಡಿಗೆ ಇಳಿಯದಿದ್ದರೆ ಲಸಾದ್‌ನ ನೌಕರಿ ಕಾಯಂ ಆಗುವಂತಿರಲಿಲ್ಲ.

ತಪ್ಪು ಅವನದೇ. ಪುರಸಭೆಯ ಇಪ್ಪತ್ತು ವರ್ಷದ ಹಳೆಯ ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದು ಬೇಡ, ಅದರ ಭಾಷೆಯನ್ನೇ ಬ್ರೌಸರಿಗೆ ತಿರುಗಿಸುವ ಕಂಪೈಲರ್ ಕಟ್ಟುತ್ತೇನೆ ಎಂದು ಇಡೀ ಸ್ಫಾಕ್ಸ್ ಊರಿಗೆ ಕೇಳುವಂತೆ ಜಂಭ ಕೊಚ್ಚಿದ್ದ.

"ಪುರಸಭೆಯ ಮದಾಮ್ ರಾಧಿಯಾ 'ಹಳೆಯದರಂತೆಯೇ ಇದೆ' ಅಂತ ಸಹಿ ಹಾಕ್ಬೇಕು," ಎಂದರು ಕಂಪನಿಯ ಯಜಮಾನ ಸೀ ಮೊನ್ಸೆಫ್. "ನೀನು ಸರಿಮಾಡ್ಕೊಂಡು ಮುಂದೆ ಹೋಗು. ನಾನು ಗಡಿಯಾರ ಹಿಡ್ಕೊಂಡು ಹಿಂದೇನೇ ಬರ್ತೀನಿ."

ಲಸಾದ್‌ನ ಪಕ್ಕದ ಮೇಜಿನ ಸೋಫಿಯನ್ ಕೇಳದೆಯೇ ಕುರ್ಚಿ ಎಳೆದುಕೊಂಡ.

"ಎಲ್ಲಾ ಅಳಿಸಿ ಮತ್ತೆ ಕಂಪೈಲ್ ಮಾಡೋ."

ಮಾಡಿದ. ಜನನ ಪತ್ರ ಕೇಳಿದರೆ ಮರಣ ಪತ್ರ ಬಂತು.

"ಪರವಾಗಿಲ್ಲ, ಬೇಗ ಬಂತಲ್ಲ!" ಎಂದ ಸೋಫಿಯನ್.

ಅವನನ್ನು ಓಡಿಸಿದ ಮೇಲೆಯೇ ಕಾರಣ ಸಿಕ್ಕಿದ್ದು. ಆ ಹಳೆಯ ಪ್ರೋಗ್ರಾಮಿನ ಭಾಷೆಯಲ್ಲಿ ಪ್ರತಿ ವಸ್ತುವಿಗೂ ತಂದೆ, ತಾತ, ಮುತ್ತಾತ. ಮದುವೆಗೆ ಒಬ್ಬನನ್ನು ಕರೆದರೆ ಬಸ್ಸು ತುಂಬ ನೆಂಟರು ಬಂದ ಹಾಗೆ, ಒಂದು ಪತ್ರಕ್ಕೆ ಇಡೀ ವಂಶ ಬ್ರೌಸರಿಗೆ ಇಳಿಯುತ್ತಿತ್ತು. ಬೇಡದ ನೆಂಟರನ್ನೆಲ್ಲ ಕಂಪೈಲರ್ ಬಾಗಿಲಲ್ಲೇ ತಡೆಯುವಂತೆ ಮಾಡಿದ. ಎರಡೇ ಸೆಕೆಂಡು! ಲ್ಯಾಪ್‌ಟಾಪ್ ಅವುಚಿಕೊಂಡು ಪುರಸಭೆಗೆ ಓಡಿದ.

ಕೌಂಟರಿನ ಮುಂದೆ ನಲವತ್ತು ಜನರ ಸಾಲು. ಮದಾಮ್ ರಾಧಿಯಾ ಗುಂಡಿ ಒತ್ತಿ, ಚಹಾದ ಕೆಟಲಿಗೆ ಕೈ ಚಾಚುವಷ್ಟರಲ್ಲಿ ಪುಟ ತೆರೆದುಕೊಂಡಿತು. ಸಾಲು ಮುಂದಕ್ಕೆ ನುಗ್ಗಿತು. ಆಕೆಯ ಮುಖ ಗಂಟಿಕ್ಕಿತು.

"ಇದು ಹಳೆಯದರಂತಿಲ್ಲ."

"ಅದಕ್ಕಿಂತ ಚೆನ್ನಾಗಿದೆ, ಮದಾಮ್!"

"ಹಳೇದು ತೆರೆಯೋಕೆ ನಾಲ್ಕು ನಿಮಿಷ. ಅಷ್ಟರಲ್ಲಿ ನನ್ನ ಚಹಾ ಆಗ್ತಿತ್ತು. 'ತೆರೀತಾ ಇದೆ' ಅಂದ್ರೆ ಯಾರೂ ಬಾಯಿ ಬಿಡ್ತಿರ್ಲಿಲ್ಲ. ನಾನು ಸುಳ್ಳಿಗೆ ಸಹಿ ಹಾಕೋಳಲ್ಲಪ್ಪ."

ಲಸಾದ್ ಬಾಗಿಲ ಕಡೆ ನೋಡಿದ. ಯಜಮಾನರು ಇನ್ನೂ ಬಂದಿರಲಿಲ್ಲ. ಸಹಿ ಒಂದು ಬಿದ್ದರೆ ಸಾಕು, ಆಮೇಲೆ ತೆಗೆದರಾಯಿತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ: ನಾಲ್ಕು ನಿಮಿಷ ಕಾಯಬೇಕು. ಮದಾಮ್ ಚಹಾ ಕಾಯಿಸಿದರು, ಪುಟ ತೆರೆಯಿತು, ಸಂತೋಷವಾಗಿ ಸಹಿ ಬಿತ್ತು.

ಆ ಸಾಲು ಅಳಿಸಲು ಕೈ ಚಾಚಿದ್ದನಷ್ಟೇ.

"ಮುಟ್ಟಬೇಡ!" ಬಾಗಿಲಲ್ಲಿ ಸೀ ಮೊನ್ಸೆಫ್, ಕೈಯಲ್ಲಿ ಗಡಿಯಾರ. "ಹೇಗಿದೆಯೋ ಹಾಗೇ ತೆರೆ."

ತೆರೆದ. ಪರದೆ ಖಾಲಿ. ಹತ್ತು ಸೆಕೆಂಡು ಕಳೆಯಿತು. ಒಂದು ನಿಮಿಷವೂ ಕಳೆಯಿತು.

ಮದಾಮ್ ರಾಧಿಯಾ ಯಜಮಾನರ ಮುಂದೆ ಚಹಾದ ಲೋಟ ಇಟ್ಟರು.

"ಕೂತ್ಕೊಳ್ಳಿ ಸೀ ಮೊನ್ಸೆಫ್, ಇನ್ನೂ ಮೂರು ನಿಮಿಷ ಇದೆ. ಹುಡುಗ ಬಂಗಾರ ಕಣ್ರೀ, ನಾನು ಹೇಳಿದ ಹಾಗೇ ಮಾಡ್ಕೊಟ್ಟ."