ಮುಚ್ಚುಮರೆ ಇಲ್ಲದ ಮಗ್ಗಿ

ನನ್ನ ಹೆಂಡತಿ ವನಮಾಲಾ ಆರು ವರ್ಷ ತಾತ್ಕಾಲಿಕವಾಗಿದ್ದಳು. ಹೆಂಡತಿಯಾಗಿ ಅಲ್ಲ, ಟೀಚರಾಗಿ. (ಹೆಂಡತಿಯ ಹುದ್ದೆಯಲ್ಲಿ ಅವಳು ಖಾಯಂ, ನಮ್ಮ ಮನೆಯಲ್ಲಿ ತಾತ್ಕಾಲಿಕ ಯಾರಾದರೂ ಇದ್ದರೆ ಅದು ನಾನು.) ವಡಾಲದಲ್ಲಿ ನಮ್ಮ ಕನ್ನಡ ಸಂಘ ನಡೆಸುವ ಪುಟ್ಟ ಶಾಲೆಯ ನಾಲ್ಕನೇ ಕ್ಲಾಸಿಗೆ ಅವಳು ಗಣಿತ ಹೇಳಿಕೊಡುತ್ತಾಳೆ. ಪ್ರತಿ ಜೂನ್ ತಿಂಗಳಲ್ಲಿ ಸಂಘದ ಅಧ್ಯಕ್ಷರಾದ ವೆಂಕಟಸುಬ್ಬಯ್ಯನವರು, "ಈ ವರ್ಷ ಖಾಯಂ ಮಾಡೋದನ್ನ ನೋಡೋಣಮ್ಮ" ಎನ್ನುತ್ತಿದ್ದರು. ಏಪ್ರಿಲ್ ಹೊತ್ತಿಗೆ ನೋಡುವುದು ಮುಗಿದಿರುತ್ತಿತ್ತು.

1988ರಲ್ಲಿ ಈ ನೋಡುವ ಕಾರ್ಯಕ್ರಮಕ್ಕೂ ಸಂಚಕಾರ ಬಂತು. ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಕಂಪ್ಯೂಟರ್ ದಾನ ಮಾಡಿದರು. ಟೈಪ್‌ರೈಟರಿನ ಮರಿಯಂಥ ಯಂತ್ರ. ಅದನ್ನು ಟಿ.ವಿ.ಗೆ ಜೋಡಿಸಬೇಕು, ಪ್ರೋಗ್ರಾಮನ್ನು ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಅದಕ್ಕೆ ಊಡಿಸಬೇಕು. ದಾನದ ಬೆನ್ನಿಗೇ ಯಾವುದೋ ಕಂಪನಿಯ ಮನುಷ್ಯನೊಬ್ಬ ಬಂದು, ಮಗ್ಗಿ ಕಲಿಸುವ ಪ್ರೋಗ್ರಾಂ ತಮ್ಮಲ್ಲಿದೆ, ಅದನ್ನು ನಡೆಸುವುದಕ್ಕೆ ತಮ್ಮದೇ ಟೀಚರನ್ನೂ ಜೊತೆಗೆ ಕಳಿಸುತ್ತೇವೆ ಎಂದ. ಅವರ ಟೀಚರ್ ಶಾಲೆಗೆ ಬಂದರೆ ನನ್ನ ಟೀಚರ್ ಮನೆಗೆ ಬರಬೇಕು. ಇದು ಸರಳ ಗಣಿತ.

"ಆರು ವರ್ಷ ಗಂಟಲು ಹರ್ಕೊಂಡೆ ಕಣ್ರೀ. ಈಗ ಒಂದು ಡಬ್ಬ ಬಂದು ನನ್ನ ಕುರ್ಚೀಲಿ ಕೂತ್ಕೊಳುತ್ತೆ" ಎಂದಳು ವನಮಾಲಾ.

"ಡಬ್ಬ ಅನ್ನಬೇಡ. ನಾನೇ ಬರೆದುಕೊಡ್ತೀನಿ ಪ್ರೋಗ್ರಾಂ."

"ನೀವಾ? ಬಾತ್‌ರೂಮಿನ ಬಲ್ಬ್ ಹಾಕೋಕೆ ನಕ್ಷೆ ಬರೆದೋರು!"

"ಬಲ್ಬ್ ಹತ್ತಿತೋ ಇಲ್ಲವೋ?"

"ಹತ್ತಿತು. ಮೂರನೇ ದಿನ."

ನಾನು ಗೋರೆಗಾಂವಿನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಬಿ.ಎಸ್ಸಿ. ಓದಿದ್ದರಿಂದ ಯಾವ ಕೆಲಸವನ್ನೂ ಕ್ರಮ ತಪ್ಪಿ ಮಾಡಲಾರೆ. ಅದೃಷ್ಟವಶಾತ್ ನನ್ನ ಷಡ್ಡಕ ನಾಣಿ ಮಸ್ಕತ್ತಿನಿಂದ ತಂದುಕೊಟ್ಟಿದ್ದ ಯಂತ್ರವೂ ಶಾಲೆಯ ಯಂತ್ರವೂ ಒಂದೇ ಜಾತಿ. ಅದೇ ವಾರ ಲ್ಯಾಬಿನ ಲೈಬ್ರರಿಯಲ್ಲಿ ಒಂದು ವಿದೇಶಿ ಪತ್ರಿಕೆ ಕೈಗೆ ಸಿಕ್ಕಿತು. ಪ್ರೋಗ್ರಾಮಿಗೆ ಬೀಗ ಹಾಕಿ ಮಾರಬಾರದು, ಅದರ ಹೊಟ್ಟೆಯೊಳಗೆ ಇರುವುದನ್ನು ಎಲ್ಲರಿಗೂ ತೋರಿಸಬೇಕು, ಬೇಕಾದವರು ತಿದ್ದಬೇಕು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಹಂಚಬೇಕು ಎಂದು ಯಾರೋ ಮಹಾನುಭಾವರು ಅದರಲ್ಲಿ ವಾದಿಸಿದ್ದರು. ಓದಿ ನನಗೆ ಎಷ್ಟು ರೋಮಾಂಚನವಾಯಿತೆಂದರೆ, ದಾದರಿನಲ್ಲಿ ಗಾಡಿ ಬದಲಾಯಿಸಿ ಕುರ್ಲಾದ ಮನೆಗೆ ಹೋಗಬೇಕಾದವನು ಇಳಿಯುವುದನ್ನೇ ಮರೆತು ಚರ್ಚ್‌ಗೇಟ್ ತಲುಪಿದೆ.

ಮೂರು ನಿಯಮ ಮಾಡಿದೆ. ಒಂದು, ಈ ಮಗ್ಗಿ ಪ್ರೋಗ್ರಾಮನ್ನು ಯಾರು ಬೇಕಾದರೂ ಕಾಪಿ ಮಾಡಿಕೊಳ್ಳಬಹುದು. ಎರಡು, ಯಾರು ಬೇಕಾದರೂ ತಿದ್ದಬಹುದು. ಆದರೆ ಏನು ತಿದ್ದಿದೆವೆಂದು ಟಿಪ್ಪಣಿ ಬರೆದು ಹೆಸರು ಹಾಕಬೇಕು. ಮೂರು, ಇನ್ನೊಬ್ಬರ ಟಿಪ್ಪಣಿಯನ್ನು ಯಾರೂ ಅಳಿಸಕೂಡದು.

ಟಿಪ್ಪಣಿಯ ವಿಷಯ ಸ್ವಲ್ಪ ಹೇಳಬೇಕು. ಪ್ರೋಗ್ರಾಮಿನ ನಡುನಡುವೆ ಬರೆಯುವ ಟಿಪ್ಪಣಿ ಸಾಲುಗಳನ್ನು ಯಂತ್ರ ಓದದೆ ದಾಟಿಕೊಂಡು ಹೋಗುತ್ತದೆ. 'ಲಿಸ್ಟ್' ಎಂದು ಒತ್ತಿದರೆ ಮಾತ್ರ ಒಳಗಿರುವುದೆಲ್ಲ ಪರದೆಯ ಮೇಲೆ ಸಾಲಾಗಿ ಬರುತ್ತದೆ. ಲ್ಯಾಬಿನಲ್ಲಿ ಯಾವ ಕ್ರಮ ಏಕೆ ಎಂದು ಬರೆದಿಡುವುದು ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಇಲ್ಲಿಯೂ ಬರೆದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಉದಾಹರಣೆಗೆ:

120ನೇ ಸಾಲು: ಉತ್ತರಕ್ಕೆ ನಲವತ್ತು ಸೆಕೆಂಡು ಕಾಯಬೇಕು. ಆಧಾರ: 'ನನ್ನ ಟವಲ್ ಎಲ್ಲಿ?' ಎಂಬ ಪ್ರಶ್ನೆಗೆ ವನಮಾಲಾ ಉತ್ತರಿಸುವ ಸರಾಸರಿ ಅವಧಿ (ಐದು ಪ್ರಯೋಗ).

210ನೇ ಸಾಲು: ತಪ್ಪು ಉತ್ತರಕ್ಕೆ ಗದರಬಾರದು. ಗದರುವುದಕ್ಕೆ ಮನೆಯಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ.

340ನೇ ಸಾಲು: ಇಲ್ಲಿ ನಿಲ್ಲಿಸುವ ಆಜ್ಞೆ ಕೊಡದಿದ್ದರೆ ಸುತ್ತಿದ್ದಲ್ಲೇ ಸುತ್ತುತ್ತದೆ. ಹೋಲಿಸಿ: ವೆಂಕಟಸುಬ್ಬಯ್ಯನವರ ರಾಜ್ಯೋತ್ಸವ ಭಾಷಣ.

ಇವನ್ನು ಬರೆದಾಗ ನನಗೆ ದುರುದ್ದೇಶವಿರಲಿಲ್ಲ. ಅವೆಲ್ಲ ಅವಲೋಕನಗಳು.

ಪ್ರೋಗ್ರಾಂ ನಡೆಯಿತು! ಪರದೆಯ ಮೇಲೆ 'ಏಳು ಮೂರು ಎಷ್ಟು?' ಎಂದು ಬಂದಾಗ ನಾನು ಕುರ್ಚಿಯಿಂದ ಎದ್ದು ಇಪ್ಪತ್ತೊಂದು ಎಂದು ಕೂಗಿದ್ದು ಮೇಲಿನ ಮಹಡಿಗೂ ಕೇಳಿಸಿತಂತೆ. ಅಲ್ಲಿರುವವರು ರಾಜೀವಿ. ಅವರ ಯಜಮಾನರು ಪೂವಪ್ಪ ಕುರ್ಲಾ ಸ್ಟೇಷನ್ ಪಕ್ಕದಲ್ಲಿ ಹೋಟೆಲ್ ನಡೆಸುತ್ತಾರೆ. ಅವರ ಮನೆಗೂ ದುಬೈಯಿಂದ ಇಂಥದೇ ಯಂತ್ರ ಬಂದಿತ್ತು.

"ಸತ್ಯಮೂರ್ತಿಗಳೇ, ನಮ್ಮ ಮಗಳು ಅಕ್ಕುಗೆ ಒಂದು ಕಾಪಿ ಕೊಡ್ತೀರಾ? ಅವಳದ್ದು ಇಡೀ ದಿನ ಬರೀ ಗೇಮ್ ಮಾರಾಯ್ರೆ. ಎಷ್ಟು ಕೊಡ್ಬೇಕು?"

"ಏನೂ ಬೇಡ. ತಿದ್ದಿದರೆ ಹೆಸರು ಬರೆದರಾಯಿತು."

"ಹಾಗಾದ್ರೆ ಸಂಜೆಗೆ ನೀರುದೋಸೆ ಕಳಿಸ್ತೇನೆ. ಅದನ್ನು ಮಾತ್ರ ತಿದ್ದಲಿಕ್ಕೆ ಬರಬೇಡಿ ಆಯ್ತಾ."

ಎರಡು ವಾರದಲ್ಲಿ ಒಂಬತ್ತು ಕಾಪಿ ಹೋದವು. ಕುರ್ಲಾದಲ್ಲಿ ನಾಲ್ಕು, ಗೋರೆಗಾಂವಿನ ಸಹೋದ್ಯೋಗಿಗಳಿಗೆ ಐದು. (ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಇದೆ.) ಹೋದವು ತಿದ್ದಿಸಿಕೊಂಡು ವಾಪಸ್ ಬರತೊಡಗಿದವು! ಅಕ್ಕು 'ಸರಿ' ಎಂಬಲ್ಲಿ 'ಶಾಬಾಶ್' ಹಾಕಿ ಒಂದು ಪೀಪಿ ಸದ್ದು ಸೇರಿಸಿದ್ದಳು. ಗೋರೆಗಾಂವಿನ ಗೆಳೆಯನೊಬ್ಬ ಭಾಗಾಕಾರ ಜೋಡಿಸಿದ್ದ. ಎಲ್ಲೆಲ್ಲಿಯ ಜನ ನನ್ನ ಮಗ್ಗಿಯನ್ನು ಬೆಳೆಸುತ್ತಿದ್ದಾರೆ ಎಂದು ನಾನು ಲೋಕಲ್ಲಿನ ನೂಕುನುಗ್ಗಲಲ್ಲೂ ಒಬ್ಬನೇ ನಗುತ್ತಿದ್ದೆ. ಪಕ್ಕದವರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ವನಮಾಲಾ ಒಂದು ಕ್ಯಾಸೆಟ್ ಶಾಲೆಗೆ ಒಯ್ದು ಬಿಡುವಿನ ಪೀರಿಯಡ್ಡುಗಳಲ್ಲಿ ಅಭ್ಯಾಸ ಮಾಡಿದಳು. ಕಮಿಟಿಯ ಎದುರು ಪ್ರದರ್ಶನಕ್ಕೆ ಶನಿವಾರ ಹತ್ತು ಗಂಟೆ ಎಂದು ನಿಗದಿಯಾಯಿತು. ಅಂದು ಗೆದ್ದರೆ ಖಾಯಂ, ಸೋತರೆ ಮನೆ.

ಶುಕ್ರವಾರ ಸಂಜೆ ಮೆಟ್ಟಿಲಲ್ಲಿ ರಾಜೀವಿ ಸಿಕ್ಕರು. ನನ್ನನ್ನು ನೋಡಿದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಿನ್ನೆ ಅಕ್ಕು ಲಿಸ್ಟ್ ಹಾಕಿ ಎಲ್ಲ ಓದಿ ಹೇಳಿದ್ಳು. ಟವಲ್ ಸಿಕ್ಕಿತಾ ಸತ್ಯಮೂರ್ತಿಗಳೇ?"

ಯಂತ್ರ ದಾಟಿಹೋಗುವ ಸಾಲನ್ನು ಮನುಷ್ಯರೂ ದಾಟಿಹೋಗುತ್ತಾರೆಂದು ಬಿ.ಎಸ್ಸಿ. ಪಾಸಾದವನೊಬ್ಬ ನಂಬಿದ್ದ! ಟವಲ್ಲಿನ ಚಿಂತೆಯಲ್ಲ, 340ನೇ ಸಾಲಿನದು. ಯಾರ ಬಾಯಿಂದ 'ಖಾಯಂ' ಎಂಬ ಮಾತು ಬರಬೇಕೋ ಅವರ ಹೆಸರನ್ನೇ ನಾನು ಬರೆದಿಟ್ಟಿದ್ದೆ.

ಒಳಗೆ ವನಮಾಲಾ ಹಾಡು ಗುನುಗುತ್ತಾ ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ವನೂ, ಆ ಕ್ಯಾಸೆಟ್ ಒಂದು ನಿಮಿಷ ಕೊಡು. ಸ್ವಲ್ಪ ಶುದ್ಧೀಕರಣ..."

"ಮುಟ್ಟಬೇಡಿ! ಶಾಲೆ ಟೇಪಿಗೆ ಸರಿಯಾಗಿ ಹೊಂದಿಸಿಟ್ಟಿದೀನಿ. ಕೊನೇ ಗಳಿಗೇಲಿ ನೀವು ಕೈ ಹಾಕಿದ್ದು ಯಾವುದು ನೆಟ್ಟಗಾಗಿದೆ?"

ನಿಜ ಹೇಳಿಬಿಡಬಹುದಿತ್ತು. ಆದರೆ ಅವಳ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಪ್ರದರ್ಶನದಲ್ಲಿ ಲಿಸ್ಟ್ ಒತ್ತುವವರು ಯಾರಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಶಾಲೆಯಲ್ಲಿ ಏಳು ಕುರ್ಚಿಯ ಕಮಿಟಿ, ಒಂದು ಬೆಂಚು ಮಕ್ಕಳು, ಬ್ರೀಫ್‌ಕೇಸ್ ಹಿಡಿದ ಕಂಪನಿಯ ಮನುಷ್ಯ, ಬೆವರುವ ನಾನು. ಟೇಪ್‌ರೆಕಾರ್ಡರ್ ಕಿರ್ರೆಂದು ಅರಚಿತು.

"ಏನಮ್ಮ, ಒಳಗೆ ಬೆಕ್ಕು ಸಿಕ್ಕಿಹಾಕ್ಕೊಂಡಿದೆಯಾ?" ಎಂದರು ವೆಂಕಟಸುಬ್ಬಯ್ಯ.

ಬೆಕ್ಕು ನಿಂತಿತು, ಮಗ್ಗಿ ಬಂತು. ಮಕ್ಕಳು ಒಬ್ಬರಾದ ಮೇಲೊಬ್ಬರು ಉತ್ತರ ಒತ್ತಿದರು; ಯಂತ್ರ ಶಾಬಾಶ್ ಎಂದಿತು; ಕಮಿಟಿ ಚಪ್ಪಾಳೆ ತಟ್ಟಿತು. ಮುಗಿಯಿತು, ಗೆದ್ದೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಕಂಪನಿಯವನು ಎದ್ದು ನಿಂತ.

"ಹಮಾರಾ ಪ್ರೋಗ್ರಾಂ ಸೀಲ್ಡ್ ಹೈ ಸಾಬ್. ಅಂದರ್ ಕೋಯೀ ಹಾಥ್ ನಹೀಂ ಲಗಾ ಸಕ್ತಾ." ಅವರದರ ಒಳಗೆ ಯಾರೂ ಕೈ ಹಾಕುವಂತಿಲ್ಲವಂತೆ.

"ನಿಮ್ಮದಕ್ಕೆ ಸೀಲ್ ಇದೆಯೇನಮ್ಮ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ ಸಾರ್. ನಮ್ಮದರಲ್ಲಿ ಮುಚ್ಚುಮರೆಯೇ ಇಲ್ಲ. ಈಗಲೇ ತೋರಿಸ್ತೀನಿ."

"ಬೇಡ!" ಎಂದು ಎದ್ದೆ. "ಟಿ.ವಿ. ತುಂಬಾ ಬಿಸಿಯಾಗಿದೆ!"

"ನೀವು ಕೂತ್ಕೊಳ್ರೀ" ಎಂದು ವನಮಾಲಾ ಲಿಸ್ಟ್ ಒತ್ತಿದಳು.

ವೆಂಕಟಸುಬ್ಬಯ್ಯನವರು ರೈಲ್ವೆಯಿಂದ ನಿವೃತ್ತರು. ಕನ್ನಡಕ ಏರಿಸಿ, ಸ್ಟೇಷನ್ ಬೋರ್ಡು ಓದುವಂತೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಮೊದಲು ಬಂದದ್ದು ನಾನು ಬರೆಯದ ಸಾಲು.

81: ತಿದ್ದುಪಡಿ, ವನಮಾಲಾ. ಪ್ರಶ್ನೆ ಸೊನ್ನೆಯಿಂದ ಒಂಬತ್ತರವರೆಗೆ ಬರುತ್ತಿತ್ತು. ಹತ್ತು ಬರುತ್ತಲೇ ಇರಲಿಲ್ಲ. ಒಂದು ಕೂಡಿಸಿ ಸರಿ ಮಾಡಿದೆ.

ಹೌದು! ಒಂದು ಕೂಡಿಸುವುದನ್ನು ಮರೆತಿದ್ದೆ. ಒಂಬತ್ತು ಮನೆಗಳಲ್ಲಿ ನನ್ನ ಪ್ರೋಗ್ರಾಂ ಏಳು ಸೊನ್ನೆ ಎಷ್ಟು ಎಂದು ಕೇಳುತ್ತಿತ್ತು, ಏಳು ಹತ್ತು ಎಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಹೌದು ಸಾರ್, ಪೆಹಲೇ ಬಹುತ್ ಜೀರೋ ಬರ್ತಿತ್ತು. ತುಂಬಾ ಈಸಿ ಇತ್ತು" ಎಂದಳು ಬೆಂಚಿನ ಹುಡುಗಿಯೊಬ್ಬಳು, ವಿಷಾದದಿಂದ.

ಅಧ್ಯಕ್ಷರು 120ಕ್ಕೆ ಬಂದರು. ಟವಲ್, ನಲವತ್ತು ಸೆಕೆಂಡು, ಐದು ಪ್ರಯೋಗ. ಕೆಳಗೆ:

121: ತಿದ್ದುಪಡಿ, ವನಮಾಲಾ. ಐದು ಸಲವೂ ಟವಲ್ ಕೇಳಿದವರ ಹೆಗಲ ಮೇಲೇ ಇತ್ತು. ನಲವತ್ತು ಸೆಕೆಂಡು ನಾನು ನಗು ತಡೆದುಕೊಂಡ ಅವಧಿ.

ಕಮಿಟಿಗೆ ತಡೆದುಕೊಳ್ಳಲು ನಾಲ್ಕು ಸೆಕೆಂಡೂ ಆಗಲಿಲ್ಲ.

211: ತಿದ್ದುಪಡಿ, ವನಮಾಲಾ. ಗದರುವ ವ್ಯವಸ್ಥೆ ಇಲ್ಲದಿದ್ದರೆ ಇವರಿಗೆ 7.52ರ ಲೋಕಲ್ ಎಂದೂ ಸಿಗುತ್ತಿರಲಿಲ್ಲ.

ಆಮೇಲೆ 340. ಅಧ್ಯಕ್ಷರು ಒಂದೊಂದೇ ಅಕ್ಷರ ಕೂಡಿಸುತ್ತಾ ತಮ್ಮ ಹೆಸರಿನ ಮೇಲೇ ಬಂದು ನಿಂತರು. ನಗು ನಿಂತಿತು. ಆರು ವರ್ಷ, ಎಂದುಕೊಂಡೆ. ಅವಳ ಆರು ವರ್ಷವನ್ನು ನಾನು ಒಂದು ಸಾಲಿನಲ್ಲಿ ಮುಗಿಸಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಮುಂದಿನದನ್ನು ಓದಿದರು.

341: ತಿದ್ದುಪಡಿ, ವನಮಾಲಾ. ಈ ಹೋಲಿಕೆಗೆ ಆಧಾರವಿಲ್ಲ. ಬರೆದವರು ಭಾಷಣದ ಮೂರನೇ ನಿಮಿಷಕ್ಕೆ ನಿದ್ದೆ ಹೋಗಿದ್ದರು. ರಾಷ್ಟ್ರಗೀತೆಗೆ ಎಬ್ಬಿಸಿದವಳು ನಾನು.

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮೂರನೇ ನಿಮಿಷಕ್ಕೇನಾ?"

"ಐದು ಇರಬಹುದು ಸಾರ್" ಎಂದೆ.

"ಸ್ವಾಗತವೇ ಮುಗಿದಿರಲಿಲ್ಲವಲ್ರೀ ಆಗ!" ಎಂದು ಅವರು ಹೊಟ್ಟೆ ಕುಲುಕಿಸಿ ನಕ್ಕರು. ಅನಂತರ ವನಮಾಲಾಳಿಗೆ, "ಅಲ್ಲಮ್ಮ, ನನ್ನ ಮೇಲಿನ ಸಾಲನ್ನ ನೀನು ಸದ್ದಿಲ್ಲದೆ ಅಳಿಸಿಬಿಡಬಹುದಿತ್ತಲ್ಲ?" ಎಂದರು.

"ಅಳಿಸಬಾರದು ಅಂತ ಇವರದೇ ನಿಯಮ ಸಾರ್. ನನಗೂ ಅದೇ ಸರಿ ಅನ್ನಿಸ್ತು. ಬೋರ್ಡಿನ ಮೇಲೂ ನಾನು ತಪ್ಪು ಲೆಕ್ಕ ಅಳಿಸಲ್ಲ, ಪಕ್ಕದಲ್ಲಿ ಸರಿಯಾದ್ದು ಬರೀತೀನಿ. ಅಳಿಸಿದ್ರೆ ಎಲ್ಲಿ ತಪ್ಪಾಯ್ತು ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?"

ಕಂಪನಿಯವನು ಇನ್ನೊಮ್ಮೆ ಸೀಲಿನ ಮಾತೆತ್ತಿದ. "ನಿಮ್ಮದರಲ್ಲಿ ಹತ್ತು ಬರುತ್ತೋ ಇಲ್ಲವೋ ನಾವು ನೋಡೋದು ಹೇಗಪ್ಪ? ಸೀಲ್ ಆಗಿದೆಯಲ್ಲ" ಎಂದರು ಅಧ್ಯಕ್ಷರು. ಬ್ರೀಫ್‌ಕೇಸ್ ಮುಚ್ಚಿತು. ಮುಂದಿನ ತಿಂಗಳಿಂದ ವನಮಾಲಾ ಖಾಯಂ, ಕಂಪ್ಯೂಟರಿನ ಹೊಣೆಯೂ ಅವಳದೇ ಎಂದು ಅಲ್ಲೇ ಬರೆದು ಸಹಿ ಹಾಕಿದರು. ಅವಳು ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದು ಬರೆಯಲಾರೆ. ಅಳೆಯುವ ಉಪಕರಣ ಆ ಹೊತ್ತಿನಲ್ಲಿ ನನ್ನ ಬಳಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹತ್ತು ಸೇರಿಸಿದ ಹೊಸ ಕಾಪಿಯನ್ನು ಒಂಬತ್ತು ಮನೆಗೂ ಕಳಿಸಬೇಕಲ್ಲ? ಕಳಿಸಿದೆವು. 121ನೇ ಸಾಲೂ ಜೊತೆಗೆ ಹೋಯಿತು. ತಿಂಗಳೊಳಗೆ ಒಂಬತ್ತೂ ವಾಪಸ್ ಬಂದವು, ಈ ಸಲ ತಿದ್ದಿದವರೆಲ್ಲ ಗೃಹಿಣಿಯರು. 'ನಮ್ಮವರು ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಜನಕ್ಕೆ ಬಡಿಸುತ್ತಾರೆ, ಮನೆಯಲ್ಲಿ ನೀರಿನ ಲೋಟ ಎಲ್ಲಿದೆ ಗೊತ್ತಿಲ್ಲ. ರಾಜೀವಿ, ಕುರ್ಲಾ.' 'ಈ ಮಳೆಗಾಲ ಲೋಕಲ್ಲಿನಲ್ಲಿ ಬಿಟ್ಟುಬಂದ ಕೊಡೆ: ನಾಲ್ಕು. ರಮಾಮಣಿ, ಗೋರೆಗಾಂವ್.' ಹೀಗೆ ಪುಟಗಟ್ಟಲೆ, ಎಲ್ಲದಕ್ಕೂ ಹೆಸರು, ಊರು. ನಿಯಮವನ್ನು ಇಷ್ಟು ಶ್ರದ್ಧೆಯಿಂದ ಗಂಡಸರು ಯಾರೂ ಪಾಲಿಸಿರಲಿಲ್ಲ.

ವನಮಾಲಾ ಎಲ್ಲವನ್ನೂ ಒಂದೇ ಪ್ರೋಗ್ರಾಮಿಗೆ ಸೇರಿಸಿದಳು. ಅರ್ಧಕ್ಕೇ ಯಂತ್ರ 'ಜಾಗವಿಲ್ಲ' ಎಂದಿತು. ಪಾಪ, ಅದರ ನೆನಪಿನ ಶಕ್ತಿ ನಾಲ್ಕೈದು ಹಾಳೆಯಷ್ಟು ಬರಹಕ್ಕೆ ಸಾಕು. ಏನನ್ನಾದರೂ ತೆಗೆಯಬೇಕಾಯಿತು. ಹೆಸರು ಹಾಕಿದ ಟಿಪ್ಪಣಿಯನ್ನು ಅಳಿಸುವಂತಿಲ್ಲ. ಇಡೀ ಪ್ರೋಗ್ರಾಮಿನಲ್ಲಿ ಟಿಪ್ಪಣಿಯೂ ಅಲ್ಲದ, ಯಾರ ಹೆಸರೂ ಇಲ್ಲದ ಸಾಲುಗಳೆಂದರೆ ಮಗ್ಗಿ ಕೇಳುವ ಸಾಲುಗಳು ಮಾತ್ರ. ನನ್ನವು. ಕಮಿಟಿ ಸರ್ವಾನುಮತದಿಂದ ಅವನ್ನು ತೆಗೆಯಿತು.

ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ಕುರ್ಲಾದಿಂದಲೂ ಗೋರೆಗಾಂವಿನಿಂದಲೂ ಮಹಿಳೆಯರು ವಡಾಲದ ಶಾಲೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಲಿಸ್ಟ್ ಓದುತ್ತಾರೆ. ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಬಾಯಲ್ಲಿ ಮಗ್ಗಿ ಹೇಳಿಕೊಡುವ ಕೆಲಸ ನನ್ನದು.

ಕಳೆದ ವಾರ ಏಳರ ಮಗ್ಗಿಯ ನಡುವೆ ಕೆಮ್ಮು ಬಂದು ಏಳೆಂಟ್ಲ ಐವತ್ನಾಲ್ಕು ಎಂದುಬಿಟ್ಟೆ. ಮುಂದಿನ ಸಾಲಿನ ಹುಡುಗಿ ಮಗ್ಗಿ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

"ಏನಮ್ಮ ಬರೀತಿದ್ದೀಯ?"

"ತಿದ್ದುಪಡಿ ಸಾರ್" ಎಂದಳು. "ನೇಮ್ ಭೀ ಹಾಕಿದೀನಿ."