ಮಾತ್ರೆ ಪಟ್ಟಿ ಮತ್ತು ಮೇಸ್ತ್ರಿ ಅಕ್ಕನ ಮೂರು ಬೆರಳು

ಬಾಳೂರು ಕಡೆಯ ಕಾಫಿ ತೋಟಗಳಿಗೆ ಹೆಂಗಸರಿಗೆ ಬುದ್ಧಿ ಹೇಳಲು ಹೋದಾಗೆಲ್ಲ ನಾನೇ ಬುದ್ಧಿ ಹೇಳಿಸಿಕೊಂಡು ಬರುತ್ತೇನೆ. ಹದಿನೇಳು ವರ್ಷದಿಂದ ಇದೇ ಆಗಿದೆ. ಚೀಲದಲ್ಲಿ ಬಿ.ಪಿ. ನೋಡುವ ಮಿಷನ್ನು, ಮಕ್ಕಳಾಗದ ಹಾಗೆ ನುಂಗುವ ಮಾತ್ರೆಯ ಪಟ್ಟಿಗಳು, ಒಂದು ಬಣ್ಣದ ಚಾರ್ಟು. ಜನ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ ಅಂತಲೂ ಅನ್ನುತ್ತಾರೆ, ಅದೂ ನನಗೆ ಕೇಳಿಸುವ ಹಾಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಮಾತ್ರೆಯನ್ನು ನಾನೂ ಎಂಟು ವರ್ಷ ನುಂಗಿದವಳೇ. ನಮ್ಮ ಚಿಕ್ಕಮ್ಮ ಎದೆಯ ಕ್ಯಾನ್ಸರಿನಿಂದ ತೀರಿಕೊಂಡವರು. ಊರಿಗೆಲ್ಲ "ತಿಂಗಳಿಗೊಮ್ಮೆ ಎದೆ ಮುಟ್ಟಿ ನೋಡ್ಕೊಳ್ರೇ" ಅಂತ ಗಂಟಲು ಹರಿದುಕೊಳ್ಳುವ ನಾನು, ನನ್ನದನ್ನು ಒಂದು ಸಲವೂ ಮುಟ್ಟಿ ನೋಡಿಕೊಂಡಿರಲಿಲ್ಲ. ಗಂಟು ಕೈಗೆ ಸಿಕ್ಕಿಬಿಟ್ಟರೆ ಏನು ಗತಿ ಅಂತ ಹೆದರಿಕೆ. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ.

೧. ರಜೆ ದಿನ ಮಾತ್ರೆ ಯಾಕೆ?

ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಇದ್ದ ಹುಡುಗಿ ಒಬ್ಬಳು, ಎರಡು ಮಕ್ಕಳ ತಾಯಿ, ತಿಂಗಳು ನಿಂತಿದೆ ಅಂತ ಅಳುತ್ತಾ ಬಂದಳು. ನನಗೆ ಪಿತ್ತ ನೆತ್ತಿಗೇರಿತು.

"ಮಾತ್ರೆ ಕೊಟ್ಟಿದ್ನಲ್ಲ, ಏನು ಮಾಡ್ದೆ?"

"ತಪ್ಪದೆ ನುಂಗಿದೀನಿ ಸಿಸ್ಟರೇ. ಕೆಲಸಕ್ಕೆ ಹೋದ ದಿನ ಒಂದೂ ಬಿಟ್ಟಿಲ್ಲ."

"ಕೆಲಸಕ್ಕೆ ಹೋಗದ ದಿನ?"

"ರಜೆ ದಿನ ಯಾಕೆ ಸಿಸ್ಟರೇ? ಅವತ್ತು ಮನೇಲೇ ಇರ್ತೀನಲ್ಲ!"

"ಅಯ್ಯೋ ಮಾರಾಯ್ತಿ, ಅವತ್ತೇ ನಿನ್ನ ಗಂಡನೂ ಮನೇಲಿರೋದು!"

ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದವಳು ಮೇಸ್ತ್ರಿ ಅಕ್ಕ. ಕಾಗದದ ಪ್ರಕಾರ ಅವಳು ಮೇಸ್ತ್ರಿಯಲ್ಲ, ಕಾಫಿ ಕುಯ್ಯುವ ಹೆಣ್ಣಾಳು. ಆದರೆ ನಿಜವಾದ ಮೇಸ್ತ್ರಿಯೂ ಅವಳನ್ನು ಕೇಳಿಯೇ ಕೆಲಸ ಹಂಚುವುದು. "ಬೈಬೇಡಿ ಸಿಸ್ಟರೇ, ನಂಗೆ ಬಿಡಿ" ಅಂದಳು.

ಮರುದಿನದಿಂದ ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಕೂಗಿದರೆ ಹೆಂಗಸರು "ಬಂದೆ" ಅನ್ನುವ ಬದಲು "ನುಂಗಿ ಬಂದೆ" ಅನ್ನತೊಡಗಿದರು. ರೈಟರಿಗೆ ಮದುವೆಯಾಗಿರಲಿಲ್ಲ. "ಏನು ನುಂಗೋದು?" ಅಂತ ಕೇಳಿದ. "ನಿಂಗೆ ಮದುವೆ ಆಗ್ಲಿ, ನಿನ್ನ ಹೆಂಡ್ತಿಗೆ ಹೇಳ್ತೀನಿ. ಈಗ ಹೆಸರು ಕರಿ" ಅಂದಳಂತೆ ಅಕ್ಕ. ರಜೆ ದಿನ ಅವಳೇ ಲೈನ್ ಮುಂದೆ ನಿಂತು ಒಬ್ಬೊಬ್ಬರ ಹೆಸರೂ ಕರೆಯುತ್ತಿದ್ದಳು. ನಾನು ವರ್ಷಗಟ್ಟಲೆ ಬಡಕೊಂಡರೂ ಆಗದ್ದನ್ನು ಅವಳು ಒಂದೇ ವಾರದಲ್ಲಿ ಮಾಡಿದಳು. ಅಳುತ್ತಾ ಬಂದಿದ್ದ ಆ ಹುಡುಗಿ ಮೂರನೆಯದನ್ನು ಹೆತ್ತು ಮತ್ತೆ ಮಾತ್ರೆ ಶುರು ಮಾಡಿದ ಮೇಲಂತೂ, ಅವಳು ಬಚ್ಚಲಲ್ಲಿದ್ದರೆ ಗಂಡನೇ ಒಳಗಿನಿಂದ ಕೂಗುತ್ತಿದ್ದ: "ಇದ್ದಾಳೆ ಅಕ್ಕಾ, ನುಂಗಿದಾಳೆ, ನಾನೇ ನೋಡ್ದೆ!"

೨. ಎಷ್ಟು ನೆರಳು ಬೇಕು?

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ತೋಟದ ಸಾಹುಕಾರರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುವವರು, ಫೋನಿನಲ್ಲಿ ಏನೋ ಓದಿದರು. ಓದಿದವರು ಸುಮ್ಮನಿರಬಾರದೇ? ಕಣಕ್ಕೆ ಬಂದು, "ಆ ಮಾತ್ರೆ ತಿಂದ್ರೆ ಕ್ಯಾನ್ಸರ್ ಬರುತ್ತಂತೆ ಕಣ್ರೇ, ಬಿಟ್ಬಿಡಿ" ಅಂದರು. ನಾನು ಮುಂದಿನ ಸಲ ಹೋದಾಗ ಅಷ್ಟೂ ಪಟ್ಟಿಗಳು ನನ್ನ ಮುಂದೆ ಗುಡ್ಡೆ ಬಿದ್ದವು. ಅಮ್ಮಾವ್ರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಕ್ಯಾನ್ಸರ್ ಅನ್ನುವ ಮಾತು ಕೇಳಿ ಚಿಕ್ಕಮ್ಮ ನೆನಪಾದರು. ಆದರೂ ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳಿದೆ. ನುಂಗುವಷ್ಟು ಕಾಲ ಎದೆಯ ಕ್ಯಾನ್ಸರಿನ ಭಯ ಒಂಚೂರು ಜಾಸ್ತಿ. ಬಿಟ್ಟ ಮೇಲೆ ಬರ್ತಾ ಬರ್ತಾ ಇಳಿಯುತ್ತದೆ. ತುಂಬಾ ವರ್ಷ ನುಂಗಿದರೆ ಗರ್ಭಕೋಶದ ಬಾಯಿಯ ಕ್ಯಾನ್ಸರಿನದೂ ಸ್ವಲ್ಪ ಜಾಸ್ತಿ, ಅದಕ್ಕೇ ಪರೀಕ್ಷೆ ಮಾಡಿಸಬೇಕು. ಆದರೆ ಅಂಡಾಶಯದ್ದು, ಗರ್ಭಕೋಶದ ಒಳಪದರದ್ದು ಕಡಿಮೆಯಾಗುತ್ತದೆ, ಬಿಟ್ಟ ಮೇಲೂ ಎಷ್ಟೋ ವರ್ಷ ಆ ರಕ್ಷಣೆ ಇರುತ್ತದೆ.

"ಜಾಸ್ತಿ ಅಂತೀರಿ, ಕಡಿಮೆ ಅಂತೀರಿ. ಒಂದು ಮಾತು ಹೇಳಿ ಸಿಸ್ಟರೇ" ಅಂತ ಎಲ್ಲರೂ ಗಲಾಟೆ ಮಾಡಿದರು. ನನ್ನ ಚಾರ್ಟಿನಲ್ಲಿ ಅದಕ್ಕೆ ಚಿತ್ರವಿರಲಿಲ್ಲ.

ಮೇಸ್ತ್ರಿ ಅಕ್ಕ ಎದ್ದು ನಿಂತಳು. "ಏ, ಸುಮ್ನಿರ್ರೇ. ತೋಟದಲ್ಲಿ ನೆರಳು ಜಾಸ್ತಿ ಬಿಟ್ರೆ ಗಿಡಕ್ಕೆ ಏನಾಗುತ್ತೆ?"

"ಕೊಳೆರೋಗ."

"ನೆರಳೇ ಇಲ್ದಂಗೆ ಮರ ಕಡಿದ್ರೆ?"

"ಬೋರರ್ ಹುಳ ಕೊರೆಯುತ್ತೆ."

"ಹಂಗಂತ ಸಾಹುಕಾರ್ರು ತೋಟ ಮಾಡೋದು ಬಿಟ್ರಾ? ಗಿಡ ನೋಡಿ, ಜಾಗ ನೋಡಿ ಕೊಂಬೆ ಸವರಿಸ್ತಾರೆ. ಇದೂ ಹಂಗೇ. ಯಾರಿಗೆ ಬಿ.ಪಿ. ಇದೆ, ಯಾರು ಬೀಡಿ ಸೇದ್ತಾರೆ, ಯಾರ ಮನೇಲಿ ಆ ಕಾಯಿಲೆ ಇತ್ತು, ಎಲ್ಲ ನೋಡಿ ಸಿಸ್ಟರು ಹೇಳ್ತಾರೆ, ನುಂಗ್ಬೇಕಾ ಬೇಡ್ವಾ ಅಂತ. ಈಗ ಸಾಲಾಗಿ ಬನ್ನಿ."

ತರಬೇತಿಯಲ್ಲಿ ಎರಡು ದಿನ ಕೂರಿಸಿ ಹೇಳಿದರೂ ನನ್ನ ತಲೆಗೆ ಅರ್ಧವೇ ಇಳಿದಿದ್ದ ವಿಷಯ ಅದು. ಶಾಲೆ ಮೆಟ್ಟಿಲು ಹತ್ತದ ಹೆಂಗಸು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಮುಗಿಸಿದಳು. ಗುಡ್ಡೆ ಬಿದ್ದಿದ್ದ ಪಟ್ಟಿಗಳನ್ನು ಹೆಂಗಸರು ಒಂದೊಂದಾಗಿ ವಾಪಸು ತೆಗೆದುಕೊಂಡರು. ಎಲ್ಲರೂ ಹೋದ ಮೇಲೆ ಅಮ್ಮಾವ್ರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ನಂಗೆ ಎಷ್ಟು ನೆರಳು ಬೇಕು ಸ್ವಲ್ಪ ನೋಡಿ ಹೇಳ್ತೀರಾ?"

೩. ಚಾರ್ಟ್ ಬೇಡ, ಮಾಡಿ ತೋರಿಸಿ

ಹೋದ ವರ್ಷ ಕುಯ್ಲು ಮುಗಿದ ಮೇಲೆ ಎದೆ ಪರೀಕ್ಷೆಯ ಪಾಠ ಇಟ್ಟುಕೊಂಡೆ. ಗಂಡಸರನ್ನೆಲ್ಲ ಆಚೆ ಓಡಿಸಿ, ಬಾಗಿಲು ಹಾಕಿ, ಚಾರ್ಟು ತೂಗುಹಾಕಿದೆ. ಮೂರು ಬೆರಳು ಚಪ್ಪಟೆಯಾಗಿಟ್ಟು, ಮೆಲ್ಲಗೆ ಒತ್ತುತ್ತಾ, ಸುತ್ತ ಬರಬೇಕು ಅಂದೆ. ನಗು ಶುರುವಾದದ್ದು ನಿಲ್ಲಲೇ ಇಲ್ಲ.

"ಪಟದಲ್ಲಿರೋಳು ತಣ್ಣಗೆ ನಿಂತಿದ್ದಾಳೆ, ಅವಳಿಗೇನು ಕಚಗುಳಿಯಾ? ನೀವು ಮಾಡಿ ತೋರ್ಸಿ" ಅಂದಳು ಅಕ್ಕ.

"ಅದು... ಯೂನಿಫಾರ್ಮ್ ಇದೆ..." ಅಂತ ತೊದಲಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಲ್ಲರನ್ನೂ ಆ ಕಡೆ ತಿರುಗಿ ಅಂತ ಗದರಿಸಿ, ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, "ನೀವು ನೋಡ್ಕೊಂಡೇ ಇಲ್ಲ, ಅಲ್ವಾ?" ಅಂದಳು. ನಾನು ಕಣ್ಣು ಮುಚ್ಚಿಕೊಂಡು ಗುಂಡಿ ಬಿಚ್ಚಿದೆ.

ಅವಳ ಕೈ ಎಂಥದ್ದು ಅಂತ ಹೇಳಬೇಕು. ಕುಯ್ಯುವಾಗ ಬಾಯಿ ಪಕ್ಕದವಳ ಜೊತೆ, ಕಣ್ಣು ಇನ್ನೆಲ್ಲೋ, ಕೈ ಮಾತ್ರ ಎಲೆಯೊಳಗೆ. ಚೀಲ ಸುರಿದರೆ ಒಂದು ಹಸಿರು ಕಾಯಿ ಸಿಕ್ಕುವುದಿಲ್ಲ. ಆ ಕೈಯ ಮೂರು ಬೆರಳು ಸುತ್ತ ಬಂದು ಒಂದು ಕಡೆ ನಿಂತವು.

"ಪೀಬರಿ ಸೈಜು ಸಿಸ್ಟರೇ. ಒಳಗಿದೆ."

ಪೀಬರಿ ಅಂದರೆ ಎರಡು ಬೀಜ ಇರಬೇಕಾದ ಕಾಫಿ ಹಣ್ಣಿನಲ್ಲಿ ಒಂದೇ ಗುಂಡುಬೀಜ ಇರುತ್ತದಲ್ಲ, ಅದು. ಚಿಕ್ಕಮ್ಮನ ಮುಖ ಕಣ್ಣ ಮುಂದೆ ಬಂತು. ನಾನು ಅಲ್ಲೇ ಕೂತು ಗೊಳೋ ಅಂತ ಅತ್ತೆ. ಆ ಕಡೆ ತಿರುಗಿದ್ದ ಹೆಂಗಸರಲ್ಲಿ ಒಬ್ಬಳು ಗಾಬರಿಯಿಂದ ಕೇಳಿದಳು: "ಅಕ್ಕಾ, ಅಷ್ಟು ಜೋರಾಗಿ ಒತ್ತಬೇಕಾ?"

೪. ಕಾಯಿ ಕುಯ್ಯಬಾರದು

ಮಾರನೇ ದಿನ ಅಮ್ಮಾವ್ರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊರಟೆವು. ನಾನೊಬ್ಬಳು ರೋಗಿ, ಜೊತೆಗೆ ಏಳು ಜನ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ಸಲ ಪರೀಕ್ಷೆ ಮಾಡಿ, "ನಂಗೇನೂ ಸಿಗ್ತಾ ಇಲ್ವಲ್ಲ ಸಿಸ್ಟರ್" ಅಂದರು.

ಬೇಡ ಅಂದರೂ ಜೊತೆಗೆ ಒಳನುಗ್ಗಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಸ್ವಲ್ಪ ಎಡಕ್ಕೆ ಬನ್ನಿ ಡಾಕ್ಟ್ರೇ. ಮೇಲೆ ಮೇಲೆ ಸವರಿದ್ರೆ ಸಿಗಲ್ಲ, ಎಲೆ ಸರಿಸಿದಂಗೆ ಸರಿಸಿ ನೋಡ್ಬೇಕು. ಹಾಂ, ಅಲ್ಲೇ. ದಾಟಿಬಿಟ್ರಿ."

ಡಾಕ್ಟರು ನಕ್ಕು ಸ್ಕ್ಯಾನಿಗೆ ಬರೆದರು. ಸ್ಕ್ಯಾನಿನಲ್ಲಿ ಗಂಟು ಇತ್ತು. ಅಕ್ಕ ಹೇಳಿದ ಜಾಗದಲ್ಲೇ, ಅವಳು ಹೇಳಿದ ಗಾತ್ರದಲ್ಲೇ. ಡಾಕ್ಟರು ಪರದೆ ನೋಡಿದರು, ಅಕ್ಕನ ಕೈ ನೋಡಿದರು, ಮತ್ತೆ ಪರದೆ ನೋಡಿದರು. ಸೂಜಿ ಹಾಕಿ ಗಂಟಿನಿಂದ ಒಂಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟು ಬರುವ ತನಕ ಎಂಟು ವರ್ಷದ ಮಾತ್ರೆ, ಚಿಕ್ಕಮ್ಮ, ಎಲ್ಲವೂ ಸೇರಿ ತಲೆ ತಿನ್ನುತ್ತಿದ್ದವು. ಅಕ್ಕ ದಿನಾ ಸಂಜೆ ಬಂದು ಎಲೆಯಡಿಕೆ ಹಾಕುತ್ತಾ ಪಕ್ಕದಲ್ಲಿ ಕೂತು ಹೋಗುತ್ತಿದ್ದಳು.

ಕರೆದ ದಿನ ಮತ್ತೆ ಅಷ್ಟೂ ಜನ ಹೋದೆವು. ಡಾಕ್ಟರು ಕಾಗದ ಬಿಡಿಸಿ, "ಕ್ಯಾನ್ಸರ್ ಅಲ್ಲ ಸಿಸ್ಟರ್. ಸಾದಾ ಗಂಟು. ತೆಗೆಯೋದೂ ಬೇಡ" ಅಂದರು. ಅಕ್ಕ ನನ್ನ ಪರವಾಗಿ ಉಸಿರು ಬಿಟ್ಟು, "ಹಂಗಾದ್ರೆ ಇನ್ನೂ ಕಾಯಿ. ಕಾಯಿ ಕುಯ್ಯಬಾರ್ದು. ಮುಂದಿನ ಸುತ್ತು ಕುಯ್ಲಿಗೆ ಬಂದಾಗ ನೋಡೋದು" ಅಂದಳು.

"ಇದು ಹಣ್ಣಾಗೋ ಥರದ್ದಲ್ಲಮ್ಮಾ" ಅಂದರು ಡಾಕ್ಟರು. "ಆದ್ರೂ ಆರು ತಿಂಗಳಿಗೆ ಒಂದ್ಸಲ ಬನ್ನಿ. ಚಿಕ್ಕಮ್ಮಂಗೆ ಇತ್ತಲ್ಲ, ಆಮೇಲೂ ವರ್ಷಕ್ಕೊಮ್ಮೆ ತೋರಿಸ್ತಾ ಇರಿ."

"ಅದನ್ನೇ ನಾನೂ ಹೇಳಿದ್ದು. ಸುತ್ತು ತಪ್ಪಿಸಬಾರ್ದು."

ಡಾಕ್ಟರು ಪೆನ್ನು ಕೆಳಗಿಟ್ಟು ಎದ್ದು ಬಂದು ಅಕ್ಕನ ಕಪ್ಪು ಕಲೆ ಕಟ್ಟಿದ ಬೆರಳುಗಳನ್ನು ಹಿಡಿದುಕೊಂಡರು. "ನಿಜ ಹೇಳ್ಲಾ ಅಮ್ಮಾ? ಸ್ಕ್ಯಾನ್ ನೋಡಿದ ಮೇಲೂ ನನ್ನ ಕೈಗೆ ಅದು ಸರಿಯಾಗಿ ಸಿಗಲಿಲ್ಲ."

ಅಕ್ಕನಿಗೆ ಪಾಪ ಅನ್ನಿಸಿತು. ಡಾಕ್ಟರ ಭುಜ ತಟ್ಟಿ, ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣಾಳಿಗೆ ಹೇಳುವ ಹಾಗೇ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಡಿಸೆಂಬರಲ್ಲಿ ತೋಟಕ್ಕೆ ಬನ್ನಿ. ಒಂದು ಸೀಸನ್ ನನ್ನ ಪಕ್ಕ ನಿಂತು ಕುಯ್ದ್ರೆ ನಿಮ್ಮ ಕೈಯೂ ಪಳಗುತ್ತೆ."